ಢಾಯಿ ನಂಬರಿನ ಪಕ್ಕಡ

ಸರಕ್, ಸರಕ್ ಎಂದು ಕಾದ ಉಸುಕಿನಲ್ಲಿ ಕಬ್ಬಿಣದ ಸೌಟು ಎಳೆದಾಡುವ ಸದ್ದು. ಅದರ ಬೆನ್ನಿಗೇ ಅಕ್ಕಿ ಬಿದ್ದು ಚಟಚಟನೆ ಅರಳುವ ಸದ್ದು. ಸುರಪುರದ ಆ ಏರುಗಲ್ಲಿಯಲ್ಲಿ ಬೆಳಗಾಗುವುದೇ ಚುರಮುರಿ ಭಟ್ಟಿಯಿಂದ. ಭಟ್ಟಿಯ ಎದುರಿನ ಮನೆಯ ಕಿಟಕಿಗೆ ಹೊಂದಿಕೊಂಡು ಒಂದು ಮೇಜು. ಬೆಳಕು ಮೇಜಿನ ಮೇಲೆ ಬೀಳುವ ಹೊತ್ತಿಗೆ ಅರ್ಜುಮಂದ ರೊಟ್ಟಿಯ ಹಿಟ್ಟಿನ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಕುರ್ಚಿ ಎಳೆದು ಕೂತುಬಿಡುತ್ತಾಳೆ. ಒದ್ದೆ ಕೈಯಲ್ಲಿ ಮುಟ್ಟುವ ಕೆಲಸವಲ್ಲ ಅವಳದು.

ಮೇಜಿನ ಮೇಲೆ ಕೆಂಪು, ಕಪ್ಪು, ಹಸಿರು, ಬಿಳಿ ಬಣ್ಣದ ತೆಳು ವೈರಿನ ಉಂಡೆಗಳು. ಉಪ್ಪಿನಕಾಯಿ ಭರಣಿಯ ಮುಚ್ಚಳದಲ್ಲಿ ಹಲ್ಲಿನಷ್ಟೇ ಇರುವ ಬಿಳಿ ಪ್ಲಾಸ್ಟಿಕ್ ಗೂಡುಗಳು. ಇನ್ನೊಂದರಲ್ಲಿ ಜೀರಿಗೆ ಕಾಳಿನಂಥ ತಗಡಿನ ಪಿನ್ನುಗಳು. ಆ ಸೀಮೆಯಲ್ಲಿ ತೂಕದ ಯಂತ್ರಕ್ಕೆ ಕಾಟಾ ಎನ್ನುತ್ತಾರೆ. ಹತ್ತಿಯ ದಲಾಲಿಯಿಂದ ಹಿಡಿದು ಬದನೆಕಾಯಿ ಮಾರುವವರ ತನಕ ಈಗ ಎಲ್ಲರ ಮುಂದೂ ಕೆಂಪು ಅಂಕಿ ಹೊಳೆಯುವ ಕಾಟಾವೇ. ಅದರ ತಟ್ಟೆಯ ಕೆಳಗೆ ಒಂದು ಲೋಹದ ತುಂಡು ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದ ಸುದ್ದಿಯನ್ನು ನಾಲ್ಕು ವೈರುಗಳು ಅಂಕಿಯ ಹಲಗೆಗೆ ಮುಟ್ಟಿಸುತ್ತವೆ. ಆ ನಾಲ್ಕು ವೈರಿನ ತುದಿಗೆ ನಾಲ್ಕು ಪಿನ್ನು ಕೂರಿಸಿ, ಪಿನ್ನುಗಳನ್ನು ಗೂಡಿಗೆ ಸಿಕ್ಕಿಸಿ ಕೊಡುವುದು ಅರ್ಜುಮಂದಳ ಕೆಲಸ. ಕೊಡುವುದು ಶಹಾಪುರದ ಚೇತನಕುಮಾರನ ಅಂಗಡಿಗೆ. ಅವನು ಕಾಟಾ ಜೋಡಿಸುತ್ತಾನೆ, ಕೆಟ್ಟದ್ದನ್ನು ರಿಪೇರಿ ಮಾಡುತ್ತಾನೆ.

ಅರ್ಜುಮಂದ ಹುಟ್ಟಿದ್ದು ಬಳೆಗಾರರ ಮನೆಯಲ್ಲಿ. ತಾಯಿ ಜೈತುನಬೀ ಇವತ್ತಿಗೂ ಸುರಪುರದ ಬಜಾರಿನಲ್ಲಿ ಗೋಣಿ ಹಾಸಿ, ಗಾಜಿನ ಬಳೆಯ ಸರಗಳನ್ನು ಮುಂದಿಟ್ಟುಕೊಂಡು ಕೂರುತ್ತಾಳೆ. ಅರ್ಜುಮಂದಳ ಗಂಡ ಮನ್ಸೂರಅಲಿ ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಾನೆ. ತನ್ನ ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದ ಜೈತುನಬೀ, ‘ನಾನು ಇಲ್ಲಿ ಮೆಹಮಾನ್’, ಅಂದರೆ ಅತಿಥಿ, ಎನ್ನುತ್ತಲೇ ಅಡಿಗೆ ಮನೆಯ ಅರ್ಧ ರಾಜ್ಯ ಆಳುತ್ತಾಳೆ.

ಅರ್ಜುಮಂದ ಪಿಯುಸಿ ಮುಗಿಸಿದವಳು. ಮದುವೆಯಾದ ಮೇಲೆ ಕುಪ್ಪಸಕ್ಕೆ ಮಣಿ ಹೊಲಿದಳು, ದುಪಟ್ಟಾಕ್ಕೆ ಮಿನುಗುವ ಟಿಕಳಿ ಹಚ್ಚಿದಳು. ಚೇತನಕುಮಾರನ ತಂಗಿಯ ಮದುವೆಗೆ ಬಳೆ ಇಡಲು ತಾಯಿಯ ಜೊತೆ ಶಹಾಪುರಕ್ಕೆ ಹೋದಾಗ, ಹಂದರದ ದೀಪದ ಸರವೊಂದು ಆರಿಹೋಗಿತ್ತು. ಎಲ್ಲರೂ ಲೈಟಿನವನನ್ನು ಹುಡುಕುತ್ತಿದ್ದರು. ಇವಳು ಸುಮ್ಮನೆ ಸರವನ್ನು ಬೆರಳ ಸಂದಿಯಲ್ಲಿ ಜಾರಿಸುತ್ತ ಹೋಗಿ, ಒಂದು ಕಡೆ ನಿಂತು, ಕೂದಲ ಪಿನ್ನಿನಿಂದ ಏನೋ ಚುಚ್ಚಿದಳು. ಸರ ಹೊತ್ತಿಕೊಂಡಿತು.

‘ಆಪಾ, ಇಂಥಾ ಕೈಗೆ ನನ್ನ ದುಕಾನದಾಗ ಕೆಲಸ ಅದರಿ’ ಎಂದಿದ್ದ ಚೇತನಕುಮಾರ. ಅವತ್ತಿನಿಂದ ವೈರು, ಪಿನ್ನು ತುಂಬಿದ ಚೀಲ ಬಸ್ಸಿನಲ್ಲಿ ಬರುತ್ತದೆ, ತಯಾರಾದದ್ದು ಬಸ್ಸಿನಲ್ಲಿ ಹೋಗುತ್ತದೆ. ಆ ಮೇಜಿನ ಮುಂದೆ ಕೂತಾಗ ಅರ್ಜುಮಂದಳನ್ನು ಯಾರೂ ಏನೂ ಕೇಳುವುದಿಲ್ಲ. ಕರೆದರೆ ‘ತಡಿರಿ, ಪಿನ್ನು ಹಿಡ್ಕೊಂಡೀನಿ’ ಎನ್ನುತ್ತಾಳೆ. ಮನೆಯವರು ಕಾಯುತ್ತಾರೆ. ಇಂಥದ್ದೊಂದು ಮಾತು ಹೇಳುವ ಹಕ್ಕು ಹಿಂದೆಂದೂ ಅವಳಿಗೆ ಇರಲಿಲ್ಲ.

ಪಿನ್ನು ಕೂರಿಸುವುದನ್ನು ಅವಳು ತಾನೇ ಕಲಿತಿದ್ದು. ಪಿನ್ನಿನ ಬಾಲದಲ್ಲಿ ಎರಡು ಜೋಡಿ ರೆಕ್ಕೆಗಳಿರುತ್ತವೆ. ಮುಂದಿನ ಜೋಡಿ ವೈರಿನೊಳಗಿನ ತಾಮ್ರದ ಎಳೆಗಳನ್ನು ಹಿಡಿಯಬೇಕು, ಹಿಂದಿನ ಜೋಡಿ ಮೇಲಿನ ಪ್ಲಾಸ್ಟಿಕ್ ಅಂಗಿಯನ್ನು ಹಿಡಿಯಬೇಕು. ಅರ್ಜುಮಂದಳ ಹತ್ತಿರ ಇದ್ದದ್ದು ಒಂದು ಚೂಪು ಮೂತಿಯ ಪಕ್ಕಡ, ಅಂದರೆ ಇಕ್ಕಳ, ಮೂಗುತಿಯ ತಿರುಪು ಬಿಗಿಯಲು ತಂದದ್ದು. ಅದರಿಂದ ಒಂದು ರೆಕ್ಕೆ ಮಡಚಿ, ಇನ್ನೊಂದು ರೆಕ್ಕೆ ಮಡಚಿ, ಜಾರದಿರಲಿ ಎಂದು ಮೇಲೊಂದು ಹನಿ ಬೆಸುಗೆ ಹಾಕುತ್ತಿದ್ದಳು. ನೋಡಲು ಚೆಂದ. ಬೆಳ್ಳಿಯ ಗೆಜ್ಜೆ ಮಣಿಯ ಹಾಗೆ ಮಿನುಗುತ್ತಿತ್ತು.

ಮಿನುಗಿದ್ದು ಬಾಳಲಿಲ್ಲ. ಒಂದು ಮಧ್ಯಾಹ್ನ ಚೇತನಕುಮಾರ ಫೋನ್ ಮಾಡಿ, ‘ಆಪಾ, ಒಮ್ಮಿ ಬಂದು ಹೋಗ್ರಿ, ಭಾಗಮ್ಮ ಕುಂತಾಳ’ ಎಂದ.

ಭಾಗಮ್ಮ ಶಿರವಾಳದವಳು. ಶಹಾಪುರದಲ್ಲಿ ತಳ್ಳುಬಂಡಿಯ ಮೇಲೆ ಕಾಯಿಪಲ್ಲೆ ಮಾರುತ್ತಾಳೆ. ಅರ್ಜುಮಂದ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅವಳ ಧ್ವನಿ ರಸ್ತೆಗೆ ಕೇಳುತ್ತಿತ್ತು.

‘ಬದ್ನಿಕಾಯಿ ಇಟ್ರ ಅಂಕಿ ಕುಣಿತಾವ. ಕೈ ತೆಗದ್ರ ನಿಲ್ತಾವ. ಬಂಡಿ ಜರಾ ಅಲುಗಿದ್ರ ಅಂಕೀನ ಇಲ್ಲ! ಗಿರಾಕಿ ನನ್ನ ಮಾರಿ ನೋಡ್ತಾರ, ನಾ ಕಾಟಾದ ಮಾರಿ ನೋಡ್ತೀನಿ. ನಿನ್ನೆ ಒಬ್ಬಾಕಿ ಏನಂದ್ಳು ಗೊತ್ತದೇನು? ಭಾಗಮ್ಮ ಕಾಟಾಕ್ಕ ಮಾಟ ಮಾಡಿಸ್ಯಾಳ ಅಂದ್ಳು!’

‘ಮಾಟ ಮಾಡ್ಸಾಕ ಬಂದಿದ್ರ ಬದ್ನಿಕಾಯಿ ಯಾಕ ಮಾರ್ತಿದ್ದಿ ಬಿಡವ್ವಾ’ ಎಂದ ಚೇತನಕುಮಾರ.

‘ನಗಬ್ಯಾಡೋ ಚೇತನ್ಯಾ. ಇಷ್ಟು ವರ್ಷದಾಗ ನನ್ನ ತೂಕಕ್ಕ ಯಾರೂ ಬೊಟ್ಟು ಮಾಡಿಲ್ಲ.’

ಕಾಟಾ ಬಿಚ್ಚಿ ಮೇಜಿನ ಮೇಲೆ ಇತ್ತು. ಅರ್ಜುಮಂದ ಬಗ್ಗಿ ನೋಡಿದಳು. ಹಸಿರು ವೈರು ಪಿನ್ನಿನ ಬುಡದಲ್ಲೇ ತುಂಡಾಗಿತ್ತು. ಬೆಸುಗೆ ಎಲ್ಲಿ ಮುಗಿದಿತ್ತೋ ಸರಿಯಾಗಿ ಅಲ್ಲಿಗೆ. ಬೆಸುಗೆ ಹರಿದಷ್ಟು ದೂರ ಎಳೆಗಳು ಸೆಟೆದು ಕಡ್ಡಿಯಾಗಿದ್ದವು. ಬಂಡಿ ಕಲ್ಲಿನ ಮೇಲೆ ಕುಲುಕಿದಾಗಲೆಲ್ಲ ಆ ಕಡ್ಡಿಯ ಅಂಚಿನಲ್ಲಿ ವೈರು ಮಡಚಿ, ಮಡಚಿ, ಕೊನೆಗೆ ಮುರಿದಿತ್ತು. ತಾನು ಜಾರದಿರಲಿ ಎಂದು ಹಾಕಿದ ಹನಿಯೇ ಅದು. ಅವಳ ಮುಖ ಬಿಸಿಯಾಯಿತು.

ಭಾಗಮ್ಮ ಹೊರಗೆ ಹೋದ ಮೇಲೆ ಚೇತನಕುಮಾರ ಮೆತ್ತಗೆ ಹೇಳಿದ: ‘ಬ್ಯಾಸರ ಮಾಡ್ಕೋಬ್ಯಾಡ್ರಿ ಆಪಾ. ಹಿಂಗ ಇದು ಮೂರನೇದು. ಹತ್ತಿ ಸೀಸನ್ ಬರಾಕತ್ತದ, ಕಾಟಾ ಕೈತುಂಬ ಹೋಗ್ತಾವ. ಹೈದರಾಬಾದಿನಾಗ ರೆಡಿ ಕೇಬಲ್ ಸಿಗ್ತಾವಂತ, ಅವನ್ನ ತರಿಸ್ಬೇಕಂತ ಮಾಡೀನಿ.’

ಅರ್ಜುಮಂದ ತುಂಡಾದ ಹಸಿರು ವೈರನ್ನು ಬೆರಳಲ್ಲಿ ತಿರುಗಿಸಿದಳು. ಕಿಟಕಿಯ ಮೇಜು ಖಾಲಿಯಾಗಿ, ಅದರ ಮೇಲೆ ಮತ್ತೆ ಮನೆಯ ಮಡಚಿದ ಬಟ್ಟೆಗಳು ಗುಡ್ಡೆ ಬೀಳುವುದು ಅವಳ ಕಣ್ಣಿಗೆ ಕಟ್ಟಿತು.

ಚೇತನಕುಮಾರನೇ ಮುಂದುವರಿಸಿದ: ‘ಇಲ್ಲಂದ್ರ ಒಂದು ಮಾಡ್ರಿ. ಬೆಸುಗಿ ಬ್ಯಾಡ. ಪಿನ್ ಒತ್ತೋ ಪಕ್ಕಡ ಅಂತಾನ ಬರ್ತದ, ಅದನ್ನ ತಗೋರಿ. ಭಾಗಮ್ಮನ ಕಾಟಾಕ್ಕ ಒಂದು ಕೇಬಲ್ ಮಾಡಿ ತರ್ರಿ. ಆಕಿ ಬಂಡಿ ಮ್ಯಾಲ ಒಂದು ಸಂತಿ ದಿನ ಅದು ನಿಂತ್ರ, ಹೈದರಾಬಾದಿನ ಮಾತು ನಾ ಎತ್ತಂಗಿಲ್ಲ. ನಿಂದ್ರಲಿಲ್ಲಂದ್ರ ನೀವೂ ಏನೂ ಅನಬಾರ್ದು.’

‘ಹಂಗೇ ಆಗ್ಲಿರಿ ಅಣ್ಣಾರ’ ಎಂದಳು ಅರ್ಜುಮಂದ.

ಊರಿಗೆ ಬಂದವಳೇ ಪಿನ್ನಿನ ಪಾಕೀಟು ತಿರುಗಿಸಿ ನೋಡಿದಳು. ಅದರ ಮೇಲೆ ಎರಡು, ಚುಕ್ಕೆ, ಐದು ಎಂದು ಅಚ್ಚಾಗಿತ್ತು. ಎರಡೂವರೆ. ಮನೆಯಲ್ಲಿ ಆಡುವ ದಖ್ಖನಿಯಲ್ಲಿ ಢಾಯಿ. ಅವಳಿಗೆ ಅದು ಹುಟ್ಟಿದಾಗಿನಿಂದ ಬಲ್ಲ ಅಳತೆ. ಬಳೆಗಾರರ ಮನೆಯಲ್ಲಿ ಹೆಂಗಸರ ಹೆಸರು ಮರೆತುಹೋದರೂ ಕೈಯ ಅಳತೆ ಮರೆಯುವುದಿಲ್ಲ. ತಾಯಿ ಸಂಜೆ ಬಂದು ಬಜಾರಿನ ಸುದ್ದಿ ಹೇಳುವುದೂ ಹಾಗೆಯೇ: ‘ಆ ಸವ್ವಾದೋವಾಲಿ ಇದ್ದಳಲ್ಲ, ಅವಳ ಮಗಳಿಗೆ ಗಂಡು ಗೊತ್ತಾಯಿತಂತೆ. ಮಗಳು ಢಾಯಿ.’ ಸಣ್ಣ ಕೈಯವಳು ಸವ್ವಾದೋ, ಅಂದರೆ ಎರಡೂಕಾಲು. ದೊಡ್ಡ ಕೈಯವಳು ಢಾಯಿ. ಬಳೆಯ ನಂಬರೂ ಅದೇ, ಕೈಯ ನಂಬರೂ ಅದೇ.

ಹಾಗಾಗಿ ಅರ್ಜುಮಂದ ನಡುಬಜಾರಿನ ಸಾಯಿಕುಮಾರನ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ, ಸಂಶಯವೇ ಇಲ್ಲದ ದನಿಯಲ್ಲಿ, ‘ಎರಡೂವರಿ ನಂಬರಿನ ಪಿನ್ ಒತ್ತೋ ಪಕ್ಕಡ ಕೊಡ್ರಿ’ ಎಂದಳು. ಸಾಯಿಕುಮಾರನೂ ಸಂಶಯವಿಲ್ಲದೆ ಒಂದನ್ನು ತೆಗೆದುಕೊಟ್ಟ. ಕೆಂಪು ಹಿಡಿಕೆ, ಭಾರವಾದ ದವಡೆ. ದವಡೆಯ ಮೇಲೆ ಸ್ಪಷ್ಟವಾಗಿ ಕೊರೆದಿತ್ತು, ಎರಡೂವರೆ ಎಂದೇ. ಅವಳು ಅಂಕಿ ನೋಡಿ, ನೆಮ್ಮದಿಯಿಂದ ತಂದಳು.

ಮನೆಯಲ್ಲಿ ಮೊದಲ ಪಿನ್ನನ್ನು ಅದರ ಬಾಯಿಗೆ ಕೊಟ್ಟು ಒತ್ತಿದಳು. ತೆಗೆದು ನೋಡಿದರೆ ಪಿನ್ನು ಗಾಲಿಯ ಕೆಳಗೆ ಸಿಕ್ಕ ಜೀರಿಗೆಯಂತೆ ಚಪ್ಪಟೆಯಾಗಿತ್ತು. ಎರಡನೆಯದು ಒಳಗೆ ಎಲ್ಲಿ ಹೋಯಿತೋ ಸಿಗಲೇ ಇಲ್ಲ. ಪಕ್ಕಡವನ್ನು ತಲೆಕೆಳಗು ಮಾಡಿ ಕೊಡವಿದಳು. ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ ಜೈತುನಬೀ ಕಣ್ಣೆತ್ತಿದಳು.

‘ಕ್ಯಾ ಹುವಾ ಗೇ?’

‘ಢಾಯಿ ಪಿನ್ನಿಗೆ ಢಾಯಿ ಪಕ್ಕಡ ತಂದೀನಿ ಅಮ್ಮೀ. ಆದ್ರೂ ಕುಂದ್ರವಲ್ದು.’

ಜೈತುನಬೀ ಎಲೆಯನ್ನು ದವಡೆಗೆ ಸರಿಸಿಕೊಂಡು, ‘ಕಾಯೆಕಾ ಢಾಯಿ?’ ಎಂದಳು. ಯಾವುದರ ಎರಡೂವರೆ?

ಅರ್ಜುಮಂದ ಪಿನ್ನಿನ ಪಾಕೀಟನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು. ಅಲ್ಲಿ ಬರೀ ಅಂಕಿಯಿತ್ತು.

ಅಳತೆಪಟ್ಟಿ ಹುಡುಕಿ ತಂದು ಪಿನ್ನಿನ ಅಗಲ ಹಿಡಿದಳು. ಎರಡೂವರೆ ಮಿಲಿಮೀಟರ್ ಬರಲಿಲ್ಲ. ಉದ್ದವೂ ಅಲ್ಲ. ವೈರಿನ ದಪ್ಪವಂತೂ ಅದರ ಹತ್ತಿರಕ್ಕೂ ಸುಳಿಯಲಿಲ್ಲ. ಕೊನೆಗೆ ಬಿಳಿ ಗೂಡನ್ನು ಎತ್ತಿ, ಒಂದು ಪಿನ್ನಿನ ನಡುವಿನಿಂದ ಪಕ್ಕದ ಪಿನ್ನಿನ ನಡುವಿಗೆ ಪಟ್ಟಿ ಇಟ್ಟಳು. ಬರೋಬ್ಬರಿ ಎರಡೂವರೆ. ಅದು ಪಿನ್ನಿನ ಅಳತೆಯೇ ಆಗಿರಲಿಲ್ಲ. ಎರಡು ಪಿನ್ನುಗಳ ನಡುವೆ ಬಿಟ್ಟ ಜಾಗದ ಅಳತೆಯಾಗಿತ್ತು. ಪಕ್ಕಡದ ಡಬ್ಬಿಯ ಹಿಂದೆ ಓದಿದರೆ, ಅಲ್ಲಿನ ಎರಡೂವರೆಯು ಮನೆಗೆ ಎಳೆಯುವ ದಪ್ಪ ವೈರಿನ ಅಳತೆ. ಒಂದೇ ಹೆಸರಿನ ಇಬ್ಬರನ್ನು ಒಂದೇ ಮನೆಯವರೆಂದು ತಿಳಿದಂತಾಗಿತ್ತು.

ಜೈತುನಬೀ ಹೊಟ್ಟೆ ಹಿಡಿದು ನಕ್ಕಳು. ‘ಅಗೇ, ಮದುವೆ ಮನೆಯಾಗ ಬೀಗರು ಎಷ್ಟು ದೂರ ಕುಂತಾರ ಅಂತ ಅಳತಿ ಮಾಡಿ, ಬೀಗ್ತಿಗೆ ಬಳಿ ಇಟ್ಟಂಗಾತಲ್ಲ!’

ಊಟಕ್ಕೆ ಬಂದ ಮನ್ಸೂರಅಲಿ ಕೆಂಪು ಹಿಡಿಕೆಯ ಪಕ್ಕಡವನ್ನು ಕೈಯಲ್ಲಿ ತೂಗಿ ನೋಡಿದ. ‘ಭಾಳ ಮಜಬೂತ ಅದ. ವ್ಯಾನಿನ ಹೆಡ್‌ಲೈಟ್ ವೈರಿಗೆ ಬರೋಬ್ಬರಿ. ನನಗಂತ ತಂದೀನಿ ಅನ್ನು, ನಾಚ್ಕೋಬ್ಯಾಡ’ ಎಂದು ಅದನ್ನು ಎತ್ತಿಕೊಂಡು ಹೋದ.

ಜೈತುನಬೀಗೆ ಯಾದಗಿರಿಯಿಂದ ಬಳೆ ತರುವುದಿತ್ತು. ಅಲ್ಲಿ ಸ್ಟೇಷನ್ ಕಡೆಗೆ ರೇಡಿಯೊ ಕಾಲದಿಂದ ಬಿಡಿಭಾಗ ಮಾರುವ ಸರದಾರಸಾಬನ ಅಂಗಡಿ ಇದೆ ಎಂದು ಚೇತನಕುಮಾರ ಹೇಳಿದ್ದ. ತಾಯಿ ಮಗಳು ಒಂದೇ ಬಸ್ಸು ಹತ್ತಿದರು. ಭೀಮೆಯ ಸೇತುವೆ ಬಂದಾಗ ಜೈತುನಬೀ ಕಿಟಕಿಯಾಚೆ ನೀರು ನೋಡುತ್ತ ಕೂತಳು. ಅರ್ಜುಮಂದ ಮಾತ್ರ ಮಡಿಲಲ್ಲಿದ್ದ ಸಣ್ಣ ಡಬ್ಬಿಯ ಮುಚ್ಚಳ ತೆಗೆದು ಮುಚ್ಚಿ ಮಾಡುತ್ತಿದ್ದಳು. ಈ ಸಲ ಅವಳು ನಂಬರು ಹೊತ್ತು ಹೊರಟಿರಲಿಲ್ಲ. ಡಬ್ಬಿಯಲ್ಲಿ ಪಿನ್ನುಗಳಿದ್ದವು, ವೈರಿನ ತುಂಡುಗಳಿದ್ದವು.

ತಾಯಿಯನ್ನು ಅವಳು ಚಿಕ್ಕಂದಿನಿಂದ ನೋಡಿದ್ದಾಳೆ. ಗಿರಾಕಿ ಬಂದು, ‘ಬೂಬಮ್ಮಾ, ನಂದು ಎರಡೂಕಾಲು’ ಎಂದರೆ ಜೈತುನಬೀ ಹೂಂ ಎನ್ನುತ್ತಾಳೆ, ಆದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೈ ಎಳೆದು ತನ್ನ ಮಂಡಿಯ ಮೇಲೆ ಇಟ್ಟುಕೊಳ್ಳುತ್ತಾಳೆ. ಹೆಬ್ಬೆರಳಿನ ಬುಡವನ್ನು ಒತ್ತುತ್ತಾಳೆ, ಗೆಣ್ಣುಗಳನ್ನು ಮಡಚುತ್ತಾಳೆ. ಮೂಳೆ ಎಷ್ಟು, ಮಾಂಸ ಎಷ್ಟು, ಎಷ್ಟು ಬಾಗುತ್ತದೆ ಎಂದು ಬೆರಳಿನಿಂದಲೇ ಕೇಳುತ್ತಾಳೆ. ಆಮೇಲೆ ಸರಕ್ಕೆ ಕೈ ಹಾಕುತ್ತಾಳೆ. ನಂಬರು ಬರುವುದು ಇಷ್ಟೆಲ್ಲ ಆದ ಮೇಲೆ. ಅಷ್ಟು ವರ್ಷ ನೋಡಿಯೂ ಅಂಗಡಿಗೆ ಹೋದಾಗ ತಾನು ಗಿರಾಕಿಯ ಹಾಗೆ ಮಾತಾಡಿದೆನಲ್ಲ ಎಂದು ಅರ್ಜುಮಂದ ಒಳಗೊಳಗೇ ನಕ್ಕಳು.

ಸರದಾರಸಾಬ ಎಪ್ಪತ್ತು ದಾಟಿದವನು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, ಅದನ್ನೇ ಹುಡುಕುತ್ತಿದ್ದ.

‘ಪಿನ್ ಒತ್ತೋ ಪಕ್ಕಡ ಬೇಕಿತ್ತು ಚಾಚಾ.’

‘ಯಾ ನಂಬರಿಂದು ಬೇಟಿ?’

‘ನಂಬರ್ ಗೊತ್ತಿಲ್ರಿ’ ಎಂದು ಅರ್ಜುಮಂದ ಡಬ್ಬಿ ತೆರೆದು ಮುಂದಿಟ್ಟಳು. ‘ಪಿನ್ನು ಇದು, ವೈರು ಇದು. ಇವೆರಡನ್ನೂ ಹಿಡಿಬೇಕು, ಅಂಥದು ಕೊಡ್ರಿ.’

ಮುದುಕ ತಲೆದೂಗಿದ. ‘ಹಿಂಗ ಬಂದ್ರ ನನಗೂ ಸಸಾರ. ಕೆಲವರು ಬರ್ತಾರ, ಫೋನಿನಾಗಿನ ಚಿತ್ರ ತೋರಿಸಿ ಇದೇ ಬೇಕು ಅಂತಾರ. ಚಿತ್ರದಾಗ ಪಿನ್ನು ಎಮ್ಮಿಯಷ್ಟು ಕಾಣ್ತದ!’

ಅವನು ಮೂರು ಪಕ್ಕಡ ತೆಗೆದು ಗಾಜಿನ ಮೇಲೆ ಸಾಲಾಗಿ ಇಟ್ಟ. ಮೊದಲನೆಯದು ತೆಳು ತಗಡಿನದು, ಮೈತುಂಬ ತೂತು. ಅರ್ಜುಮಂದ ಪಿನ್ನು ಇಟ್ಟು ಒತ್ತಿದಳು. ರೆಕ್ಕೆಗಳು ಮಡಚಿದವು, ಆದರೆ ಒಂದರ ಮೇಲೊಂದು ಹತ್ತಿ ಮಲಗಿದವು. ಎಳೆದಳು. ವೈರು ಸುಮ್ಮನೆ ಕೈಗೆ ಬಂತು.

‘ಇದು ಬ್ಯಾಡ’ ಎಂದು ಸರದಾರಸಾಬನೇ ಅದನ್ನು ಆಚೆ ಸರಿಸಿದ.

ಎರಡನೆಯದು ಅಂಗಡಿಯಲ್ಲೇ ದೊಡ್ಡ ಹೆಸರಿನದು. ಒತ್ತುವಾಗ ಕಟಕಟ ಎನ್ನುತ್ತಿತ್ತು. ಪೂರಾ ಒತ್ತುವ ತನಕ ಬಾಯಿ ಬಿಡುತ್ತಿರಲಿಲ್ಲ. ‘ಇದರಾಗ ಕೈಯ ಕೆಲಸಾನ ಇಲ್ಲ’ ಎಂದು ಸರದಾರಸಾಬ ತಾನೇ ಒತ್ತಿ ತೋರಿಸಿದ. ‘ಮುಂದಿನ ರೆಕ್ಕಿ, ಹಿಂದಿನ ರೆಕ್ಕಿ ಎರಡೂ ಒಂದೇ ಸಲಕ್ಕ. ಎಷ್ಟು ಒತ್ತಬೇಕು ಅನ್ನೋದು ಇದಕ್ಕ ಗೊತ್ತದ. ಮನಸ್ಸು ಎಲ್ಲೇ ಇರ್ಲಿ, ಎಲ್ಲಾ ಪಿನ್ನೂ ಒಂದೇ ನಮೂನಿ.’

ಅವನು ಒತ್ತಿದ ಪಿನ್ನನ್ನು ಅರ್ಜುಮಂದ ಬೆಳಕಿಗೆ ಹಿಡಿದಳು. ಮುಂದಿನ ರೆಕ್ಕೆಗಳು ಎರಡೂ ಕಡೆಯಿಂದ ಒಳಕ್ಕೆ ಸುರುಳಿಯಾಗಿ, ತಾಮ್ರದೊಳಗೆ ಮೂಗು ಹುದುಗಿಸಿ ಕೂತಿದ್ದವು. ಹಾಗೆ ಕೂರುವುದನ್ನು ಅವಳು ಮೊದಲ ಸಲ ನೋಡಿದ್ದು. ಮನಸ್ಸು ತುಂಬಿತು. ತಾನೂ ಒತ್ತಲು ಕೈಗೆ ತೆಗೆದುಕೊಂಡಳು. ಹಿಡಿಕೆ ಅಗಲವಾಗಿ ಬಾಯಿ ಬಿಟ್ಟಿತ್ತು. ಅವಳ ಬೆರಳುಗಳು ಆಚೆ ತುದಿಗೆ ಬರೀ ಉಗುರು ಮುಟ್ಟಿಸಿದವು. ಒತ್ತಿದಳು. ಒಂದು ಕಟ್ ಎಂದಿತು, ಎರಡನೆಯದು ಎನ್ನಲಿಲ್ಲ. ಅರ್ಧಕ್ಕೇ ಸಿಕ್ಕಿಕೊಂಡು ಪಿನ್ನನ್ನು ಕಚ್ಚಿಕೊಂಡೇ ನಿಂತಿತು. ಎರಡೂ ಕೈ ಹಚ್ಚಿದಳು. ಪಕ್ಕಡ ಮುಚ್ಚಿತು, ಹಿಡಿಯಲು ಕೈಯಿಲ್ಲದ ವೈರು ಒಳಗಿಂದ ಜಾರಿ ಕೆಳಗೆ ಬಿತ್ತು.

‘ರೂಢಿ ಆಗ್ತದ ಬೇಟಿ’ ಎಂದ ಸರದಾರಸಾಬ.

ಅರ್ಜುಮಂದ ಮತ್ತೊಮ್ಮೆ ಒತ್ತಿದಳು, ಮತ್ತೊಮ್ಮೆ ಸಿಕ್ಕಿಕೊಂಡಿತು. ಆದರೂ ಅದನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಒಳ್ಳೆಯದು ಇದೇ ಎಂದು ಅಂಗಡಿಯವನೇ ಹೇಳುವಾಗ ಬೇಡ ಎನ್ನುವುದು ಹೇಗೆ? ಭಾಗಮ್ಮನ ಬಂಡಿ ಕಣ್ಣ ಮುಂದೆ ಬಂತು. ಹೈದರಾಬಾದೂ ಬಂತು.

ಅಷ್ಟರಲ್ಲಿ ಜೈತುನಬೀ ಮಗಳ ಕೈಯಿಂದ ಪಕ್ಕಡ ತೆಗೆದು ಗಾಜಿನ ಮೇಲೆ ಇಟ್ಟಳು. ಬಲಗೈಯನ್ನು ಎಳೆದುಕೊಂಡು, ಗಿರಾಕಿಯ ಕೈ ಹಿಡಿಯುವ ಹಾಗೆಯೇ ಹಿಡಿದಳು. ಹೆಬ್ಬೆರಳಿನ ಬುಡ ಒತ್ತಿದಳು. ಗೆಣ್ಣು ಮಡಚಿದಳು. ಅವಳು ಹಾಗೆ ಕೊನೆಯ ಸಲ ಹಿಡಿದದ್ದು ಮಗಳ ಮದುವೆಯ ದಿನ, ಹಸಿರು ಬಳೆ ಇಡುವಾಗ. ಆಮೇಲೆ ಮಗಳು ತನ್ನ ಬಳೆಯನ್ನು ತಾನೇ ಆರಿಸಿಕೊಳ್ಳುತ್ತಿದ್ದಳು. ಅರ್ಜುಮಂದ ಬೆರಳುಗಳನ್ನು ಸಡಿಲ ಬಿಟ್ಟಳು.

‘ಸವ್ವಾದೋ ಕೈ’ ಎಂದಳು ಜೈತುನಬೀ. ‘ಪಿನ್ನಿನ ಅಳತಿ ನೋಡಿದ್ರಿ, ವೈರಿನ ಅಳತಿ ನೋಡಿದ್ರಿ. ಹಿಡಿಯೋ ಕೈ ಅಳತಿ ಯಾರು ನೋಡಬೇಕು ಭಾಯಿ? ಅದು ಗಂಡಸರ ಪಕ್ಕಡ. ನಕ್ಕೋ.’ ಬೇಡ ಎನ್ನುವುದಕ್ಕೆ ದಖ್ಖನಿಯಲ್ಲಿ ಇದಕ್ಕಿಂತ ಗಟ್ಟಿಯಾದ ಮಾತಿಲ್ಲ.

‘ಆಪಾ, ಗಂಡಸರದು ಹೆಂಗಸರದು ಅಂತ ಪಕ್ಕಡ ಬರ್ತಾವೇನ್ರಿ?’ ಎಂದ ಸರದಾರಸಾಬ.

‘ಬಳಿ ಇಡಾಕ ಬರ್ತದೇನು ನಿನಗ, ನನಗ ಕೇಳಾಕ? ಆ ಸಣ್ಣದು ಕೊಡು ಇತ್ತ.’

ಮೂರನೆಯದು ನೋಡಲು ಏನೂ ಇರಲಿಲ್ಲ. ಮೋಟು ಹಿಡಿಕೆ, ತೆಳು ಮೂತಿ, ಮೂತಿಯ ಅಂಚಿನಲ್ಲಿ ಸಣ್ಣದರಿಂದ ದೊಡ್ಡದಕ್ಕೆ ಕೆಲವು ಕಚ್ಚುಗಳು. ಕಟಕಟ ಇಲ್ಲ. ಮುಂದಿನ ರೆಕ್ಕೆಯನ್ನು ಸಣ್ಣ ಕಚ್ಚಿನಲ್ಲಿ ಒತ್ತಬೇಕು, ಹಿಂದಿನ ರೆಕ್ಕೆಯನ್ನು ತುಸು ದೊಡ್ಡ ಕಚ್ಚಿನಲ್ಲಿ ಬೇರೆಯಾಗಿ ಒತ್ತಬೇಕು. ಅರ್ಜುಮಂದ ಹಿಡಿದಳು. ಬೆರಳುಗಳು ಹಿಡಿಕೆಯನ್ನು ಸುತ್ತಿ ಬಂದವು. ಎಡಗೈಯಲ್ಲಿ ವೈರು, ಬಲಗೈಯಲ್ಲಿ ಪಕ್ಕಡ. ಒತ್ತುತ್ತ ಹೋದಂತೆ ತಗಡು ಬಾಗುವುದು, ತಾಮ್ರಕ್ಕೆ ತಾಗುವುದು, ಅಲ್ಲಿಂದ ಮುಂದೆ ಗಟ್ಟಿಯಾಗುವುದು ಅಂಗೈಗೆ ತಿಳಿಯಿತು. ತೆಗೆದು ನೋಡಿದಳು. ರೆಕ್ಕೆಗಳು ಒಳಕ್ಕೆ ಸುರುಳಿಯಾಗಿದ್ದವು.

‘ಒಂದು ಮಾತು ಮೊದ್ಲ ಹೇಳ್ತೀನಿ’ ಎಂದ ಸರದಾರಸಾಬ. ‘ಇದರಾಗ ಎಲ್ಲಾ ನಿನ್ನ ಕೈದೇ. ಕಮ್ಮಿ ಒತ್ತಿದ್ರ ಜಾರ್ತದ, ಜಾಸ್ತಿ ಒತ್ತಿದ್ರ ಎಳಿ ಕತ್ತರಿಸ್ತದ. ನಾಳೆ ಬಂದು ಚಾಚಾ ಹಿಂಗಾತು ಅನಬ್ಯಾಡ.’

‘ಅನ್ನಂಗಿಲ್ಲ ಚಾಚಾ’ ಎಂದು ಅರ್ಜುಮಂದ ಸಣ್ಣ ಪಕ್ಕಡವನ್ನೇ ಕಟ್ಟಿಸಿಕೊಂಡಳು.

ಹೇಳಿದಷ್ಟು ಸುಲಭವಿರಲಿಲ್ಲ. ಮರುದಿನ ಮೇಜಿನ ಮುಂದೆ ಕೂತಾಗ ಮುಂದಿನ ರೆಕ್ಕೆ ಚೆಂದ ಬಂದರೆ ಹಿಂದಿನದು ಪ್ಲಾಸ್ಟಿಕ್ಕಿಗೆ ಚುಚ್ಚುತ್ತಿತ್ತು. ಹಿಂದಿನದು ಹಗುರ ಮಾಡಿದರೆ ವೈರು ಸಡಿಲಾಗಿ ಆಡುತ್ತಿತ್ತು. ಜೈತುನಬೀ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತು ನೋಡಿದಳು.

‘ಮುಂದಿಂದು ಹೆಂಗರೆ ಇರ್ಲಿ, ಅದು ನಿನ್ನ ಕೆಲಸ. ಹಿಂದಿಂದು ನನಗ ತಿಳಿತದ’ ಎಂದಳು. ‘ಕಚ್ಚಬಾರ್ದು, ಜಾರಬಾರ್ದು. ಕೈಮ್ಯಾಲ ಬಳಿ ಕುಂತಂಗ ಕುಂದ್ರಬೇಕು.’

ಅರ್ಜುಮಂದ ಹಿಂದಿನ ರೆಕ್ಕೆಗೆ ಒಂದು ಕಚ್ಚು ದೊಡ್ಡದನ್ನು ಆರಿಸಿದಳು. ಉಸಿರು ಬಿಡುತ್ತ ಒತ್ತಿದಳು. ರೆಕ್ಕೆ ಪ್ಲಾಸ್ಟಿಕ್ಕನ್ನು ಅಪ್ಪಿಕೊಂಡಿತು. ತಾಮ್ರದ ತಂಬಿಗೆಗೆ ನೀರು ತುಂಬಿ, ಅದರ ಕಂಠಕ್ಕೆ ದಾರ ಕಟ್ಟಿ, ದಾರವನ್ನು ವೈರಿಗೆ ಬಿಗಿದಳು. ಪಿನ್ನಿನ ಮೂತಿಯನ್ನು ಹಳೆಯ ಚೂಪು ಪಕ್ಕಡದಲ್ಲಿ ಹಿಡಿದು ಮೇಲೆತ್ತಿದಳು. ತಂಬಿಗೆ ನೆಲ ಬಿಟ್ಟು ಮೇಲೆ ಬಂತು. ಜೀರಿಗೆಯಷ್ಟು ತಗಡು ತುಂಬಿದ ತಂಬಿಗೆಯನ್ನು ಹಿಡಿದು ನಿಂತಿತ್ತು. ತಾಯಿ ಮಗಳು ಇಬ್ಬರೂ ಅದು ತೂಗಾಡುವುದನ್ನು ನೋಡಿದರು. ಆಮೇಲೆ ಅರ್ಜುಮಂದ ಭಾಗಮ್ಮನ ಕಾಟಾಕ್ಕೆಂದು ನಾಲ್ಕು ಬಣ್ಣದ ವೈರು ಕತ್ತರಿಸಿ, ಬೆಸುಗೆಯ ಕಡ್ಡಿಯನ್ನು ಬಿಸಿ ಮಾಡದೆಯೇ ಕೇಬಲ್ಲು ಮುಗಿಸಿದಳು.

ಸಂತೆಯ ದಿನ ಅವಳು ಕೇಬಲ್ಲನ್ನು ಬಸ್ಸಿನಲ್ಲಿ ಕಳಿಸಲಿಲ್ಲ, ತಾನೇ ಹೋದಳು. ಚೇತನಕುಮಾರ ಅದನ್ನು ಕೂರಿಸಿ, ಕಾಟಾ ಮುಚ್ಚಿ, ಭಾಗಮ್ಮನ ಬಂಡಿಯ ಮೇಲಿಟ್ಟ. ಭಾಗಮ್ಮ ಅರ್ಜುಮಂದಳನ್ನು ಮೇಲಿನಿಂದ ಕೆಳಗೆ ನೋಡಿದಳು.

‘ನೀ ಏನವ್ವಾ ಈ ಕಾಟಾದ ನರ ಕಟ್ಟಾಕಿ?’

‘ಹೌದ್ರಿ.’

‘ಹಂಗಾರ ಇವತ್ತು ಇಲ್ಲೇ ನಿಂದ್ರು. ಅಂಕಿ ಕುಣಿದ್ರ ಗಿರಾಕಿ ಮುಂದ ನಿನ್ನೇ ತೋರಸ್ತೀನಿ.’

ಅರ್ಜುಮಂದ ನಿಂತಳು. ಸುಮ್ಮನೆ ನಿಲ್ಲಲಾಗದೆ ಮೆಂತೆಯ ಸಿವುಡು ಜೋಡಿಸಿದಳು, ಟೊಮೆಟೊ ಒರೆಸಿದಳು. ಬಂಡಿ ಕಲ್ಲು ಹಾಸಿನ ಮೇಲೆ ಹೋದಾಗ ಕಾಟಾ ಎಗರಿ ಕೂತಿತು. ಅವಳ ಎದೆಯೂ ಎಗರಿತು. ಅಂಕಿ ಸೊನ್ನೆಯಲ್ಲೇ ಇತ್ತು. ಬದನೆಕಾಯಿ ಬಂತು, ಹೀರೆಕಾಯಿ ಬಂತು, ಉಳ್ಳಾಗಡ್ಡಿ ಬಂತು. ಮಾಟದ ಮಾತಾಡಿದ್ದ ಹೆಂಗಸೂ ಬಂದಳು. ಅವಳು ತೂಗಿಸಿದ ಆಲೂಗಡ್ಡೆಯನ್ನು ಇಳಿಸಿ, ಮತ್ತೆ ಏರಿಸಿ ನೋಡಿದಳು. ಎರಡು ಸಲವೂ ಅದೇ ಅಂಕಿ.

‘ಇನ್ನೊಮ್ಮಿ ತೂಗಲೇನು?’ ಎಂದಳು ಭಾಗಮ್ಮ ಸೊಂಟದ ಮೇಲೆ ಕೈಯಿಟ್ಟು. ‘ನಿನ್ನೂ ಕುಂದ್ರಿಸ್ಲೇನು?’

ಆ ಹೆಂಗಸು ನಗುತ್ತ ಆಲೂಗಡ್ಡೆ ಚೀಲಕ್ಕೆ ಹಾಕಿಕೊಂಡು ಹೋದಳು. ಭಾಗಮ್ಮ ಬಂಡಿಯ ಅಂಚಿನಿಂದ ಒಂದು ಎಳೆಯ ಸೌತೆಕಾಯಿ ಆರಿಸಿ ಅರ್ಜುಮಂದಳ ಕೈಗಿತ್ತಳು.

ಸಂತೆ ಕರಗುವ ಹೊತ್ತಿಗೆ ಚೇತನಕುಮಾರ ಬಂದ. ಕಾಟಾವನ್ನು ಎತ್ತಿ ಅಲುಗಿಸಿದ. ಬದಿಗೆ ತಟ್ಟಿದ. ತಲೆಕೆಳಗು ಮಾಡಿ, ನೆಟ್ಟಗಿಟ್ಟು, ಒಂದು ಕುಂಬಳಕಾಯಿ ಏರಿಸಿದ. ಅಂಕಿ ಒಂದು ಸಲ ಏರಿ, ಅಲ್ಲೇ ನಿಂತಿತು.

‘ಬಿಡು ಅದನ್ನ, ಮುರಿದು ಬಿಟ್ಟೀ ಮತ್ತ’ ಎಂದು ಭಾಗಮ್ಮ ಅವನ ಕೈ ತಳ್ಳಿದಳು. ‘ಬರೋಬ್ಬರಿ ಅದ. ಇಡೀ ದಿನ ನೋಡೀನಿ.’

ಚೇತನಕುಮಾರ ಅರ್ಜುಮಂದಳ ಕಡೆ ತಿರುಗಿ ನಕ್ಕ. ‘ಹೈದರಾಬಾದಿನವರಿಗೆ ಬ್ಯಾಡ ಅಂತ ಹೇಳಿಬಿಡ್ತೀನ್ರಿ ಆಪಾ. ಸೀಸನ್ನಿನ ಕಾಟಾ ಎಲ್ಲಾ ನಿಮ್ಮ ಕೈಯಿಂದಾನ ಹೋಗ್ಲಿ.’

ಅವನು ಚೀಲ ತಂದುಕೊಟ್ಟ. ಹೊಸ ಗೂಡುಗಳು, ಪಿನ್ನಿನ ಸರ, ವೈರಿನ ಉಂಡೆಗಳು. ಅರ್ಜುಮಂದ ಅಲ್ಲೇ ಚೀಲದ ಬಾಯಿ ಬಿಚ್ಚಿ, ಕೆಂಪು ವೈರಿನ ತುದಿಯನ್ನು ಎರ‍ಡು ಬೆರಳ ನಡುವೆ ಹಿಡಿದು ಹೊಸಕಿದಳು. ಹುಬ್ಬು ಗಂಟಾಯಿತು. ಬಸ್ ಸ್ಟ್ಯಾಂಡಿನ ಕಡೆಯಿಂದ ಕಂಡಕ್ಟರ್ ‘ಸುರಪುರ, ಸುರಪುರ’ ಎಂದು ಕೂಗುವುದು ಕೇಳಿಸಿತು. ಅವಳು ಚೀಲವನ್ನು ಹೆಗಲಿಗೇರಿಸಿ ಹೆಜ್ಜೆ ಹಾಕುತ್ತಲೇ ಹೇಳತೊಡಗಿದಳು.

‘ಅಣ್ಣಾರ, ಈ ಸಲ ಕೆಂಪು ವೈರಿನ ಅಂಗಿ ದಪ್ಪ ಬಂದದ ನೋಡ್ರಿ, ಹಿಂದಿನ ರೆಕ್ಕಿ ಇದನ್ನ ಅಪ್ಪಂಗಿಲ್ಲ, ಕಚ್ತದ. ಇದನ್ನ ನಾ ಹಚ್ಚಂಗಿಲ್ಲ. ಹಿಂದ ಕೊಟ್ಟಿದ್ರಲ್ಲ ಬಾರೀಕಂದು, ಅದನ್ನೇ ತರಸ್ರಿ, ಮತ್ತ ಇನ್ನ ಮ್ಯಾಲ ವೈರು ಕೊಳ್ಳೋ ಮೊದ್ಲ ಒಂದು ತುಂಡು ನನಗ ಕಳಸ್ರಿ.’